ಯಾವೂರ್ರೀ ನಿಮ್ದು?

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರಾದರೂ ಬಂದು ಕೂತರೆ ಮೊದಲ ಮಾತು ಒಂದೇ: ‘ಯಾವೂರ್ರೀ ನಿಮ್ದು?’ ನಾಗನೂರಿನವನು ನಾಗನೂರ ಅನ್ನುತ್ತಾನೆ. ಎದುರಿನವರಿಗೆ ತಿಳಿಯದಿದ್ದರೆ ಮೂಡಲಗಿ ಹತ್ತಿರ, ಅದೂ ತಿಳಿಯದಿದ್ದರೆ ಗೋಕಾಕ ಕಡೆ. ಗೋಕಾಕ ಅಂದ ಮೇಲೆ ಕರದಂಟಿನ ಮಾತು ಬರದೆ ಇರುವುದಿಲ್ಲ. ಅಲ್ಲಿಗೆ ಗುರುತು ಪರಿಚಯ ಮುಗಿಯಿತು. ಆದರೆ ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಅಲ್ಲಿಂದ ಕೆಳಗೆ ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡುಗಳಲ್ಲಿ ಹುಟ್ಟಿ ಬೆಳೆದ ಕೆಲವರಿಗೆ ಊರ ಹೆಸರು ಹೇಳಿದರೂ ಬಿಡುಗಡೆಯಿಲ್ಲ. ‘ಅದಲ್ರೀ, ಮೂಲ ಯಾವೂರು?’ ಅಂತ ಮರುಪ್ರಶ್ನೆ ಬರುತ್ತದೆ. ಕಾರಣ ಅವರ ಗುಂಗುರು ಕೂದಲು, ಕಪ್ಪು ಮೈಬಣ್ಣ. ಅವರು ಸಿದ್ದಿಗಳು.

ಮೂಲದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬಲ್ಲ ಗುಡ್ಡಗಾಡಿನ ಜನವೂ ಲೋಕದಲ್ಲಿ ಇದ್ದಾರೆ. ಕಪ್ಪು ಸಮುದ್ರದ ಪಕ್ಕದ ಕಾಕಸಸ್ ಪರ್ವತಗಳಲ್ಲಿ ಸರ್ಕೇಶಿಯನ್ ಎಂಬ ಜನಾಂಗವಿತ್ತು. ತಮ್ಮನ್ನು ತಾವು ಅವರು ಅದಿಗೆ ಎಂದು ಕರೆದುಕೊಳ್ಳುತ್ತಾರೆ. ರಷ್ಯದ ಚಕ್ರವರ್ತಿಯ ಸೈನ್ಯದ ಎದುರು ದಶಕಗಟ್ಟಲೆ ಹೋರಾಡಿ ಸೋತರು. ಯುದ್ಧ ಮುಗಿಯಿತೆಂದು ಸಾರಿದ್ದು 1864ರ ಮೇ 21ರಂದು. ಉಳಿದವರಲ್ಲಿ ಬಹುಪಾಲು ಜನರನ್ನು ಹಡಗು ಹತ್ತಿಸಿ ತುರ್ಕರ ಸಾಮ್ರಾಜ್ಯಕ್ಕೆ ಅಟ್ಟಿದರು. ದಡದ ಮೇಲೆ, ಹಡಗಿನೊಳಗೆ, ಹಸಿವಿಗೂ ಜ್ವರಕ್ಕೂ ಸತ್ತವರಿಗೆ ಲೆಕ್ಕವಿಲ್ಲ. ಬದುಕಿದವರಲ್ಲಿ ಒಂದು ಗುಂಪು 1878ರಲ್ಲಿ ಪಾಳುಬಿದ್ದ ಒಂದು ರೋಮನ್ ರಂಗಮಂದಿರದ ಸುತ್ತ ಬಿಡಾರ ಹೂಡಿತು. ಅದೇ ಬೆಳೆದು ಇವತ್ತಿನ ಜೋರ್ಡಾನಿನ ರಾಜಧಾನಿ ಅಮ್ಮಾನ್. ಇಂದಿಗೂ ಎಲ್ಲ ಕಡೆಯ ಸರ್ಕೇಶಿಯನ್ನರು ಮೇ 21ನ್ನು ಶೋಕದ ದಿನವೆಂದು ಆಚರಿಸುತ್ತಾರೆ. 2014ರಲ್ಲಿ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ, ಹಿಮದ ಆಟಗಳು ನಡೆದ ಕ್ರಾಸ್ನಾಯಾ ಪೊಲ್ಯಾನಾ ತಮ್ಮ ಕೊನೆಯ ಸೋಲಿನ ನೆಲವೆಂದು ಅವರು ಜಗತ್ತಿಗೆ ನೆನಪಿಸಿದರು. ಊರು ಕಳೆದುಕೊಂಡರೂ ಅವರ ಕೈಯಲ್ಲಿ ಒಂದು ತಾರೀಖಿದೆ, ಒಂದು ದಡದ ಹೆಸರಿದೆ.

ಸಿದ್ದಿಗಳಿಗೆ ತಾರೀಖೂ ಇಲ್ಲ, ದಡವೂ ಇಲ್ಲ. ಅವರ ಪೂರ್ವಜರು ಆಫ್ರಿಕದ ಪೂರ್ವ ಕರಾವಳಿಯ ಕಡೆಯವರು. ಅರಬ್ಬರು ತಂದವರು ಕೆಲವರಾದರೆ ಪೋರ್ಚುಗೀಸರು ಗೋವೆಗೆ ತಂದವರು ಬಹಳ. ಒಂದೇ ಹಡಗಿನಲ್ಲಿ ಬಂದವರೆಲ್ಲ ಒಂದೇ ಊರಿನವರಲ್ಲ, ಒಂದೇ ಮಾತಿನವರೂ ಅಲ್ಲ. ಮಾರಾಟವಾದ ಕೂಡಲೇ ಹೆಸರು ಬದಲಾಗುತ್ತಿತ್ತು. ಗೋವೆಯ ದಣಿಗಳ ಮನೆಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಬಿಡುಗಡೆಯಾದವರೂ ಆಮೇಲೆ ಅದೇ ದಾರಿ ಹಿಡಿದರು. ಯಾವ ವರ್ಷ, ಯಾವ ದಾರಿ, ಎಷ್ಟು ಜನ ಎಂದು ಯಾರೂ ಬರೆದಿಡಲಿಲ್ಲ. ಓಡಿಹೋಗುವವನು ದಾರಿಯ ಗುರುತು ಬಿಟ್ಟುಹೋಗುವುದೂ ಇಲ್ಲವಲ್ಲ.

ಹೀಗೆ ಬಂದವರೆಲ್ಲ ಕಾಡನ್ನೇ ಸೇರಲಿಲ್ಲ ಎನ್ನುವುದನ್ನೂ ಹೇಳಬೇಕು. ಇಥಿಯೋಪಿಯದಲ್ಲಿ ಹುಟ್ಟಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹ್ಮದನಗರ ರಾಜ್ಯದ ಪೇಶ್ವೆಯಾಗಿ 1626ರಲ್ಲಿ ಸಾಯುವತನಕ ಮೊಘಲರ ನಿದ್ದೆಗೆಡಿಸಿದ. ವಿಜಯಪುರದ ಮುಹಮ್ಮದ್ ಆದಿಲ್‌ಶಾಹನ ದರಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ, ಅಂದರೆ ಆಫ್ರಿಕ ಮೂಲದ, ಮಂತ್ರಿಯಿದ್ದ. ಸುಲ್ತಾನನ ಜತೆಗೇ ಅವನ ಚಿತ್ರಗಳೂ ಉಳಿದಿವೆ. ಆಗ ನಮ್ಮ ಈ ಸೀಮೆಯೂ ಆ ರಾಜ್ಯಕ್ಕೇ ಸೇರಿತ್ತು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳು ಇನ್ನೂ ನಿಂತಿವೆ. ಅತ್ತ ಈಜಿಪ್ತಿನಲ್ಲೂ ಗುಲಾಮರಾಗಿ ಬಂದ ಸರ್ಕೇಶಿಯನ್ ಹುಡುಗರೇ ಸುಲ್ತಾನರಾಗಿ 1382ರಿಂದ 1517ರವರೆಗೆ ಕೈರೋದಿಂದ ಆಳಿದರು. ಗುಲಾಮ ಗದ್ದುಗೆ ಏರಿದ ಕಥೆ ಹೇಳುವವರಿಗೂ ಚೆಂದ, ಕೇಳುವವರಿಗೂ ಚೆಂದ. ಒಬ್ಬ ಅಂಬರನ ಹಿಂದೆ ನೀರು ಹೊತ್ತು, ದನ ಕಾಯ್ದು, ಹೆಸರಿಲ್ಲದೆ ಸತ್ತವರು ಸಾವಿರಾರು. ಯಲ್ಲಾಪುರದ ಕಾಡಿನವರು ಆ ಸಾವಿರಾರು ಜನರ ಕಡೆಯವರು.

ನಮ್ಮ ಕಡೆಯಿಂದ ಅಲ್ಲಿಗೆ ದಾರಿ ಕಷ್ಟದ್ದಲ್ಲ. ಬೆಳಗಾವಿ, ಖಾನಾಪುರ, ಅಳ್ನಾವರ, ಹಳಿಯಾಳ, ಯಲ್ಲಾಪುರ. ಘಟಪ್ರಭೆಯ ಕರಿಮಣ್ಣು, ಕಣ್ಣು ಹಾಯುವಷ್ಟು ಕಬ್ಬು ಹಿಂದೆ ಸರಿದು, ಖಾನಾಪುರ ದಾಟುತ್ತಲೇ ಮಣ್ಣು ಕೆಂಪಾಗುತ್ತದೆ, ಮರಗಳು ರಸ್ತೆಯ ಮೇಲೆ ಬಾಗುತ್ತವೆ. ನಮ್ಮ ಬಯಲುಸೀಮೆಯವರು ಆ ಕಡೆ ಹೋಗುವುದು ಮಾಗೋಡಿನಲ್ಲಿ ಬೇಡ್ತಿ ಧುಮುಕುವುದನ್ನು ನೋಡಲು, ಸಾತೊಡ್ಡಿಯಲ್ಲಿ ಕಾಲು ನೆನೆಸಲು. ಮೊಬೈಲಿನಲ್ಲಿ ಫೋಟೊ ತೆಗೆದು ಸಂಜೆಗೆ ತಿರುಗುತ್ತಾರೆ. ಆ ಜಲಪಾತಗಳ ಸುತ್ತಲಿನ ಕಾಡಿನಲ್ಲೇ ಸಿದ್ದಿಗಳ ಕೇರಿಗಳಿವೆ. ಅಡಿಕೆ ತೋಟದ ಕೂಲಿ, ಕಾಡಿನ ಜೇನು, ಉಪ್ಪಾಗೆ, ಒಂದಿಷ್ಟು ಭತ್ತದ ಗದ್ದೆ, ಇದು ಅವರ ಬದುಕು. ತಲೆತಲಾಂತರದಿಂದ ಉತ್ತ ನೆಲಕ್ಕೂ ಪಟ್ಟಾ ಇಲ್ಲದವರು ಅವರಲ್ಲಿ ಎಷ್ಟೋ ಜನ.

ಹೋದವರಿಗೆ ಅಲ್ಲಿ ಆಫ್ರಿಕ ಸಿಗುವುದಿಲ್ಲ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಸಂತೆಯಲ್ಲಿ ಕನ್ನಡ, ಹಳಿಯಾಳದ ಕಡೆ ಮರಾಠಿ, ಉರ್ದು. ಯಲ್ಲಾಪುರದವರಲ್ಲಿ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಮೂರು ಧರ್ಮಕ್ಕೆ ಹಂಚಿಹೋದರೂ ಸಿದ್ದಿ ಸಿದ್ದಿಯೇ ಎಂಬ ಭಾವ ಕಳಚಿಲ್ಲ. ಊರಿನ ನೆನಪು ಅಳಿಸಿಹೋದರೂ ಸತ್ತ ಹಿರಿಯರಿಗೆ ಮನೆಯಲ್ಲಿ ಜಾಗ ಉಂಟು. ‘ಹಿರಿಯರು’ ಎಂದೇ ಕರೆದು ಪೂಜಿಸುತ್ತಾರೆ. ಯಾವ ಊರಿನ ಹಿರಿಯರು ಎಂದು ಪೂಜೆ ಮಾಡುವವರು ಕೇಳುವುದಿಲ್ಲ. ಇನ್ನು ಡಮಾಮಿ: ಡಮಾಮ್ ಎಂಬ ಚರ್ಮದ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುವ ಕುಣಿತ. ಹೊರಗಿನವರು ಹಬ್ಬಗಳ ವೇದಿಕೆಗೆ ಅವರನ್ನು ಕರೆಸುವುದು ಇದಕ್ಕೇ.

ನನ್ನನ್ನು ಹೆಚ್ಚು ಸೆಳೆದದ್ದು ಅವರ ಕೌದಿ. ಕೌದಿ ನಮಗೇನು ಹೊಸದೇ? ನಾಗನೂರಿನ ಮನೆಗಳಲ್ಲಿ ಅಜ್ಜಿಯಂದಿರು ಹಳೆಯ ಇಳಕಲ್ ಸೀರೆ, ಧೋತರ ಒಟ್ಟುಗೂಡಿಸಿ ಬೇಸಿಗೆಯ ಮಧ್ಯಾಹ್ನಗಳನ್ನೆಲ್ಲ ಹೊಲಿಗೆಯಲ್ಲಿ ಕಳೆದವರೇ. ಸಿದ್ದಿ ಹೆಣ್ಣುಮಕ್ಕಳು ಒಂದು ಅಂಚಿನಿಂದ ಶುರುಮಾಡಿ ತುಂಡಿನ ಮೇಲೆ ತುಂಡು ಜೋಡಿಸುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಅಳತೆಪಟ್ಟಿಯಿಲ್ಲ, ಬರೆದಿಟ್ಟ ನಕ್ಷೆಯಿಲ್ಲ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಹೂವು ಕೂಡಿಸಿದರೇ ಕೌದಿ ಪೂರ್ತಿಯಾದಂತೆ. ಬಣ್ಣ ಬಣ್ಣಕ್ಕೆ ಹೊಂದುವುದೋ ಇಲ್ಲವೋ ಎಂಬ ಚಿಂತೆ ನಮ್ಮ ಅಜ್ಜಿಯಂದಿರಿಗೆ ಇತ್ತು. ಇವರು ಹಳದಿಯ ಪಕ್ಕ ನೇರಳೆಯನ್ನು ಯಾವ ಮುಲಾಜೂ ಇಲ್ಲದೆ ಹಚ್ಚುತ್ತಾರೆ. ಈ ಕೌದಿಗಳು ಈಗ ಪರದೇಶದ ಪ್ರದರ್ಶನಗಳನ್ನೂ ಕಂಡಿವೆ. ಇದು ಆಫ್ರಿಕದಿಂದ ಬಂದ ಕಲೆಯೋ, ಇಲ್ಲಿ ಕಲಿತದ್ದೋ ಎಂದು ಪಂಡಿತರು ಚರ್ಚಿಸುತ್ತಾರೆ. ಘಟಪ್ರಭೆಯ ದಂಡೆಯಲ್ಲೂ ಕೌದಿ ಇದ್ದೇ ಇರುವಾಗ ನನಗೇನೋ ಆ ಚರ್ಚೆಯಲ್ಲಿ ಹುರುಪು ಬರುವುದಿಲ್ಲ.

ಮೂಲವೊಂದನ್ನೇ ಹಿಡಿದು ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ನಿದರ್ಶನವಿದೆ. 1980ರ ದಶಕದ ಕೊನೆಗೆ, ಆಫ್ರಿಕದ ರಕ್ತವಿದೆ ಅಂದ ಮೇಲೆ ಓಟದಲ್ಲಿ ಪದಕ ಖಂಡಿತ ಎಂಬ ಲೆಕ್ಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಮಕ್ಕಳು ಓಡಿದರು, ರಾಷ್ಟ್ರಮಟ್ಟದಲ್ಲಿ ಗೆದ್ದವರೂ ಇದ್ದರು. 1993ರಲ್ಲಿ ಯೋಜನೆಯೇ ನಿಂತುಹೋಯಿತು. ಹುಡುಗರು ಕಾಡಿಗೆ, ಕೂಲಿಗೆ ವಾಪಸು ಬಂದರು. ಎಷ್ಟೋ ವರ್ಷಗಳ ಮೇಲೆ ಅದಕ್ಕೆ ಮತ್ತೆ ಜೀವ ಬಂತು, ಆ ಹೊತ್ತಿಗೆ ಮೊದಲಿನವರ ಓಡುವ ವಯಸ್ಸು ದಾಟಿತ್ತು.

ಸರ್ಕಾರದ ಪಟ್ಟಿಯೂ ಅವರನ್ನು ತಡವಾಗಿಯೇ ಗುರುತಿಸಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡವಾದದ್ದು 2003ರಲ್ಲಿ. ಜಿಲ್ಲೆಯ ಗಡಿ ದಾಟಿದರೆ ಅದೇ ಮನೆತನದ ಅಣ್ಣ ತಮ್ಮಂದಿರಿಗೆ ಆಗ ಪಂಗಡದ ಪತ್ರವಿರಲಿಲ್ಲ! ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು ಅವರೇ.

ಈಗ ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳೇ ಸೇರಿ ಡಮಾಮಿ ಹೆಸರಿನಲ್ಲಿ ಪ್ರವಾಸಿಗರಿಗೆ ಊಟ, ವಸತಿ ಏರ್ಪಾಡು ಮಾಡುತ್ತಿದ್ದಾರೆ. ಹೋಗುವವರು ಅಲ್ಲಿ ಉಳಿಯಬಹುದು, ಕೌದಿ ಕೊಳ್ಳಬಹುದು. ಕೈಯಲ್ಲಿ ಹೊಲಿದ ಒಂದು ಕೌದಿ ಎಷ್ಟು ದಿನ ತಿನ್ನುತ್ತದೆ ಎನ್ನುವುದು ನಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿರುವುದರಿಂದ, ಬೆಲೆ ಕೇಳುವಾಗ ಅವರನ್ನೇ ಮುಂದೆ ಬಿಡುವುದು ಒಳ್ಳೆಯದು.

ಸಿದ್ದಿಗಳಿಗೆ ಆಫ್ರಿಕ ಎದುರಾದದ್ದು ಹೇಗೆ ಎನ್ನುವುದೂ ಸ್ವಾರಸ್ಯದ ವಿಷಯ. ನೈಜೀರಿಯದ ಚಿನುವಾ ಅಚೆಬೆಯ ಹೆಸರಾಂತ ಕಾದಂಬರಿಯೊಂದು ‘ಕಪ್ಪು ಜನ ಕೆಂಪು ನೆರಳು’ ಎಂಬ ಕನ್ನಡ ನಾಟಕವಾಯಿತು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಒಡನಾಟದಲ್ಲಿ ಮಂಚಿಕೇರಿ ಸೀಮೆಯ ಸಿದ್ದಿಗಳೇ ಬಣ್ಣ ಹಚ್ಚಿ ಅದನ್ನು ಆಡಿದರು. ಕಳೆದುಹೋದ ಖಂಡವೊಂದು ಅವರ ಅಂಗಳಕ್ಕೆ ಕನ್ನಡದ ಮಾತಾಡುತ್ತ ಬಂತು. ಮುಂದೆ ಅದೇ ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ ರಂಗಸಂಗೀತಕ್ಕೆ ಹೆಸರಾದರು. ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ ಸಿನಿಮಾದಲ್ಲಿ ಕಾಣಿಸಿಕೊಂಡಾಗ ನಮ್ಮ ಊರುಗಳ ಟಾಕೀಜಿನಲ್ಲೂ ಜನ ಅವರನ್ನು ನೋಡಿದರು. ಹೊರಗೆ ಬಂದು ‘ಈತ ಯಾವ ದೇಶದವನಪ್ಪಾ, ಕನ್ನಡ ಎಷ್ಟು ಚಲೋ ಆಡ್ತಾನ’ ಎಂದವರಿಗೆ, ನಮ್ಮ ಪಕ್ಕದ ಜಿಲ್ಲೆಯವನು ಎಂದು ತಿಳಿಸಿ ಹೇಳುವುದೇ ಒಂದು ಕೆಲಸವಾಗಿತ್ತು.