ಪುಟ್ಟ ರೈಲಿನ ಮೇಲೆ ಬೇಸಾಯದ ಹೇರು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದವರು ಕಾವ್ಯವನ್ನು ಬಿಟ್ಟು ಆಟದ ರೈಲಿನ ವಿಷಯವಾಗಿ ಮಾತನಾಡಲು ನಿಂತುದನ್ನು ಕಂಡು ಕೆಲವರು ಮುಗುಳುನಗುತ್ತಿರುವುದು ನಮಗೆ ಕಾಣುತ್ತಿದೆ. ನಗಲಿ, ಅಡ್ಡಿಯಿಲ್ಲ. ಪಕ್ಕದ ಕೊಠಡಿಯಲ್ಲಿ ನಮ್ಮ ಶಾಲೆಯ ಮಕ್ಕಳು ಎರಡು ಮೇಜುಗಳನ್ನು ಜೋಡಿಸಿ ಹಳಿ ಹಾಸಿದ್ದಾರೆ. ಒಂದು ತುದಿಯಲ್ಲಿ ರಾಯದುರ್ಗವೆಂದೂ ಇನ್ನೊಂದು ತುದಿಯಲ್ಲಿ ಮಡಕಶಿರಾ ಎಂದೂ ಕನ್ನಡದಲ್ಲಿ ಹಲಗೆ ನೆಟ್ಟಿದ್ದಾರೆ. ತುಮಕೂರಿನಿಂದ ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗಗಳ ಮೇಲೆ ರಾಯದುರ್ಗಕ್ಕೆ 207 ಕಿಲೋಮೀಟರುಗಳ ಮಾರ್ಗವೆಂದು ದೊಡ್ಡವರಾದ ನಾವು ವರುಷಾನುವರುಷ ಹಾದಿ ಕಾದೆವು. ಮಕ್ಕಳು ಮೂರು ಭಾನುವಾರಗಳಲ್ಲಿ ತಮ್ಮ ಕೆಲಸ ಮುಗಿಸಿದರು.

1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಜಿಲ್ಲೆಯನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮೇಜಿನ ಮೇಲೆ ಮಾತ್ರ ಇವೆರಡೂ ಒಂದೇ ಹಳಿಯ ಎರಡು ತುದಿಗಳು.

ರೈಲನ್ನು ಕೊಟ್ಟವರು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು. ಅದರ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಈ ಅಳತೆಗೆ ಎಚ್‌ಓ ಎಂದು ಹೆಸರು. ‘ಸೊನ್ನೆಯ ಅರ್ಧ’ ಎಂಬುದು ಅದರ ಮೂಲಾರ್ಥವಂತೆ. ಸೊನ್ನೆ ಎಂಬ ದೊಡ್ಡ ಅಳತೆಯೊಂದಿದ್ದು, ಇದು ಅದರ ಅರ್ಧವಾದುದರಿಂದ ಆ ಹೆಸರು ಬಂದಿತು. ಸೊನ್ನೆಗೂ ಅರ್ಧವುಂಟೆಂಬುದು ನಮ್ಮ ಗಣಿತದ ಮೇಷ್ಟರಿಗೆ ಇಂದಿಗೂ ಹಿಡಿಸಿಲ್ಲ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಅದು ಹೊರದೇಶಗಳ 1435 ಮಿಲಿಮೀಟರಿನ ಹಳಿಗೆ ಸರಿಹೊಂದುವ ಲೆಕ್ಕ. ನಮ್ಮ ದೇಶದ ಅಗಲ ಹಳಿ 1676 ಮಿಲಿಮೀಟರು; ಲೆಕ್ಕದಂತೆ 19 ಮಿಲಿಮೀಟರಿಗೂ ಮಿಗಿಲಾಗಬೇಕು. ಆದುದರಿಂದ ನಮ್ಮ ಬಂಡಿಗಳು ಆ ಹಳಿಯ ಮೇಲೆ ಕಾಲು ಮುದುರಿಕೊಂಡು ನಿಂತಂತೆ ಕಾಣುತ್ತವೆ. ಬಲ್ಲವರು ಕ್ಷಮಿಸಬೇಕು.

ಆ ರೈಲಿನೊಡನೆ ನಾಲ್ಕು ಚಪ್ಪಟೆ ಬಂಡಿಗಳು ಬಂದುವು. ಗೋಡೆಯಿಲ್ಲ, ಮಾಡಿಲ್ಲ, ಬರಿಯ ನೆಲವುಳ್ಳ ಸರಕಿನ ಬಂಡಿ. ಇಂತಹವುಗಳ ಮೇಲೆ ಸರಕು ತುಂಬಿದ ಲಾರಿಗಳನ್ನೇ ಹತ್ತಿಸಿ ಸಾಗಿಸುವ ಕ್ರಮವನ್ನು ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿತು. 2020ರ ಆಗಸ್ಟ್ 30ರಂದು ನೆಲಮಂಗಲದಿಂದ ಸೋಲಾಪುರದ ಬಳಿಯ ಬಾಳೆಗೆ 43 ಬಂಡಿಗಳ ಇಂತಹದೇ ರೈಲು ನಮ್ಮ ಧರ್ಮಾವರಂ, ಗುಂತಕಲ್ಲುಗಳ ಮೇಲೆಯೇ ಹಾದುಹೋಯಿತು. ಲಾರಿ ಏರುವುದಾದರೆ ಟ್ರಾಕ್ಟರು ಏಕೆ ಏರಬಾರದು ಎಂದು ಮಕ್ಕಳು ಕೇಳಿದರು. ಹೀಗೆ ಬೇಸಾಯದ ಯಂತ್ರಗಳ ಹೇರು ಸಿದ್ಧವಾಗತೊಡಗಿತು.

ಮೂರೂವರೆ ಮೀಟರ್ ಉದ್ದದ ಟ್ರಾಕ್ಟರು ಈ ಲೆಕ್ಕದಲ್ಲಿ 40 ಮಿಲಿಮೀಟರು, ಎಂದರೆ ಹೆಬ್ಬೆರಳಿಗಿಂತ ಗಿಡ್ಡ. ಹಿಂದಿನ ಗಾಲಿಗೆ ಕೋಟಿನ ತೋಳಿನ ಗುಂಡಿ, ಮುಂದಿನ ಗಾಲಿಗೆ ಅಂಗಿಯ ಕೊರಳಪಟ್ಟಿಯ ಸಣ್ಣ ಗುಂಡಿ ತಕ್ಕುದಾಯಿತು. ಒಡಲು ಜೋಳದ ದಂಟಿನ ಬೆಂಡು. ಈ ಬೆಂಡಿನಿಂದಲೇ ನಾವೆಲ್ಲ ಬಾಲ್ಯದಲ್ಲಿ ಗಾಡಿ ಮಾಡಿ, ಜಾಲಿಮುಳ್ಳು ಚುಚ್ಚಿ ಆಡಿದವರಲ್ಲವೆ? ಕೊಯ್ಲಿನ ದೊಡ್ಡ ಯಂತ್ರವನ್ನು ಮಾಡುವಾಗ ತೊಡಕು ಬಂದಿತು. ಸಿರುಗುಪ್ಪದ ಕಡೆ ಭತ್ತದ ಗದ್ದೆಗಳಲ್ಲಿ ಇಂತಹ ಯಂತ್ರಗಳನ್ನು ತಾವು ಕಂಡಿರಬಹುದು. ನಮ್ಮ ಅಗಲ ಹಳಿಯಲ್ಲಿ ಬಂಡಿಯ ಅಗಲ 3.25 ಮೀಟರನ್ನು ಮೀರುವಂತಿಲ್ಲ. ಅದು ಇಲ್ಲಿ 37 ಮಿಲಿಮೀಟರು. ಮಕ್ಕಳು ಅಷ್ಟೇ ಅಗಲದ ರಟ್ಟಿನ ಬಾಗಿಲೊಂದನ್ನು ಹಳಿಯ ಮೇಲೆ ನಿಲ್ಲಿಸಿದರು. ಯಂತ್ರದ ಮುಂದಿನ ಕತ್ತರಿಯ ಭಾಗ ಅದರಲ್ಲಿ ನುಸುಳಲಿಲ್ಲ. ಕೊನೆಗೆ ಅದನ್ನು ಕಳಚಿ ಬೇರೊಂದು ಬಂಡಿಯ ಮೇಲೆ ಉದ್ದುದ್ದಕ್ಕೆ ಮಲಗಿಸಿದರು. ನಿಜವಾದ ಸಾಗಾಣಿಕೆಯಲ್ಲಿಯೂ ಹೀಗೆಯೇ ಮಾಡಬೇಕಾಗುತ್ತದೆಂಬುದನ್ನು ನಾವು ಹೇಳುವ ಮುನ್ನವೇ ಅವರು ಕಂಡುಕೊಂಡಿದ್ದರು.

ಮೊದಲ ದಿನ ರೈಲು ತಿರುವಿನಲ್ಲಿ ಮಗುಚಿತು. ಮುಂದೆ ಎಂಜಿನು ಎಳೆಯುವುದು, ಹಿಂದೆ ಭಾರದ ಬಂಡಿಗಳು ಜಗ್ಗುವುವು. ನಡುವಿನ ಬೆಂಡಿನ ಹೇರು ಹಗುರವಾದುದರಿಂದ ಒಳಮಗ್ಗುಲಿಗೆ ಬಿದ್ದುಹೋಯಿತು. ಬಂಡಿಯ ಅಡಿಗೆ ಕಬ್ಬಿಣದ ಬಿಲ್ಲೆಗಳನ್ನು ಅಂಟಿಸಿದ ಮೇಲೆ ನೆಟ್ಟಗಾಯಿತು. ಗಾಲಿಗಳಿಗೆ ಬೆಂಕಿಕಡ್ಡಿಯ ಬೆಣೆ, ನಾಲ್ಕು ಮೂಲೆಗಳಿಗೆ ಎಳೆದು ಕಟ್ಟಿದ ಕೊರಳಸರದ ಸರಪಳಿ. ಬೆಣೆಯಿಲ್ಲದೆ ಬರಿಯ ಸರಪಳಿಯನ್ನು ನಂಬಬಾರದು; ಗಾಲಿಯುಳ್ಳ ಹೇರು ಕುಲುಕಾಟಕ್ಕೆ ಉರುಳಲು ಕಾಯುತ್ತಿರುತ್ತದೆ.

ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಮೂರನೆಯ ಬಂಡಿಯ ವಿಷಯ. ಅದರ ಮೇಲೆ ಒಂಬತ್ತು ಗುಂಡುಸೂಜಿಗಳನ್ನು ಸಾಲಾಗಿ ಚುಚ್ಚಿ, ಮೇಲೆ ಪೆಟ್ಟಿಗೆಯನ್ನಿಟ್ಟು, ‘ಸೀಡ್ ಡ್ರಿಲ್’ ಎಂದು ಚೀಟಿ ಅಂಟಿಸಿದ್ದರು. ವಿದ್ಯಾರ್ಥಿನಿಯೊಬ್ಬಳು ತನ್ನ ತಾತನನ್ನು ಕರೆತಂದಳು. ಹಿರಿಯರು ಬಗ್ಗಿ ನೋಡಿ, “ಇದು ನಮ್ಮ ಕೂರಿಗೀನೇ ಅಲ್ಲೇನಮ್ಮ? ಕಬ್ಬಿಣದ್ದಾಗೈತೆ ಅಷ್ಟೆ” ಎಂದರು. ಬಳಿಕ ಸೂಜಿಗಳನ್ನು ಬೆರಳಿನಿಂದ ಮುಟ್ಟಿ, ಇವು ತಾಳು. ನಮ್ಮ ಮರದ ಕೂರಿಗೆಗೆ ಮುಂದೆ ಈಸು ಇತ್ತು, ಹಿಡಿಯಲು ಮೇಣಿ ಇತ್ತು, ಬೀಜ ಬಿಡುವ ಬಟ್ಟಲಿತ್ತು ಎಂದು ಒಂದೊಂದನ್ನೂ ಹೇಳಿದರು. ಬಟ್ಟಲಿಗೆ ಬೀಜ ಬಿಡುವವಳ ಕೈ ತಪ್ಪಿದರೆ ಇಡೀ ಸಾಲು ಬೋಳಾಗುತ್ತಿದ್ದುದನ್ನೂ ಹೇಳಿದರು. ಆ ಕೈ ತಮ್ಮ ಹೆಂಡತಿಯದಾಗಿತ್ತೆಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ನಾವು ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ‘ಕೂರಿಗೆ’ ಎಂಬ ಪದಕ್ಕೆ ಅರ್ಥವನ್ನು ಎಷ್ಟೋ ವರುಷ ಕಪ್ಪುಹಲಗೆಯ ಮೇಲೆ ಬರೆಸಿದ್ದೇವೆ. ತಾಳು ಯಾವುದೆಂದು ಆ ದಿನದವರೆಗೂ ಬೆರಳು ಮಾಡಿ ತೋರಿಸಲು ನಮಗೆ ಬರುತ್ತಿರಲಿಲ್ಲ. ಇದನ್ನು ಮಕ್ಕಳೆದುರು ಒಪ್ಪಿಕೊಂಡೆವು, ತಮ್ಮೆದುರೂ ಒಪ್ಪಿಕೊಳ್ಳುತ್ತೇವೆ. ನಮ್ಮ ಕನ್ನಡ ತರಗತಿಯ ಹಾಜರಿ ಪುಸ್ತಕ ವರುಷದಿಂದ ವರುಷಕ್ಕೆ ತೆಳುವಾಗುತ್ತಿದೆಯೆಂದು ಸಭೆಗಳಲ್ಲಿ ದುಃಖಪಡುತ್ತೇವೆ. ಇರುವ ಮಕ್ಕಳಿಗೆ ಕೊಡಬೇಕಾದ ಮಾತು ಹೊಲದಲ್ಲಿಯೇ ಉಳಿದುಹೋಗುತ್ತಿರುವುದು ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ. ಚೀಟಿಯನ್ನು ಕಿತ್ತು ‘ಟ್ರಾಕ್ಟರ್ ಕೂರಿಗೆ’ ಎಂದು ಬರೆದರು.

ನಾಲ್ಕನೆಯ ಬಂಡಿಗೆ ಕಾಯಿ ಬಿಡಿಸುವ ಯಂತ್ರ. ಅಲ್ಲಿಯೂ ಜಗಳ. ರಾಯದುರ್ಗದ ಮಕ್ಕಳು ಅದನ್ನು ಶೇಂಗಾ ಯಂತ್ರವೆಂದರು. ಮಡಕಶಿರಾ ಕಡೆಯಿಂದ ಬಂದ ಹುಡುಗನು ಕಡಲೆಕಾಯಿ ಯಂತ್ರವೆಂದು ಹಟ ಹಿಡಿದನು. ನಾವು ತೀರ್ಪು ಕೊಡಲಿಲ್ಲ. ರೈಲು ರಾಯದುರ್ಗದಿಂದ ಹೊರಡುವಾಗ ಒಂದು ಚೀಟಿ, ಮಡಕಶಿರಾ ಮುಟ್ಟಿದೊಡನೆ ಇನ್ನೊಂದು ಚೀಟಿ ಎಂದು ಅವರವರೇ ಒಪ್ಪಂದ ಮಾಡಿಕೊಂಡಿದ್ದಾರೆ.

ಇನ್ನೊಂದು ಬಂಡಿಯನ್ನು ಮಕ್ಕಳೇ ರಟ್ಟಿನಿಂದ ಮಾಡಿದ್ದಾರೆ. ಅದು ಬರಿದಾಗಿದೆ, ಮರದ ಹಳೆಯ ಕೂರಿಗೆಗೆಂದು ಮೀಸಲು. ಯಾರ ಮನೆಯ ಅಟ್ಟದಲ್ಲಾದರೂ, ದನದ ಕೊಟ್ಟಿಗೆಯಲ್ಲಾದರೂ ಅಂತಹುದೊಂದು ಉಳಿದಿದ್ದರೆ ದಯವಿಟ್ಟು ತಿಳಿಸಬೇಕು. ಮಕ್ಕಳು ಅಳತೆಪಟ್ಟಿ ಹಿಡಿದು ಮುಂದಿನ ಭಾನುವಾರ ಬರುತ್ತಾರೆ. ಮನೆಯ ಹಿರಿಯರು ಆ ಹೊತ್ತಿಗೆ ಮನೆಯಲ್ಲಿದ್ದರೆ ಉಪಕಾರವಾದೀತು.