ಹಿರಿಯರ ಊಟ ಮತ್ತು ನೆಮ್ಮದಿ: ಗ್ರಾಮ ಪಂಚಾಯತಿಯ ಹೊಣೆ

(ಹಾವೇರಿ, ರಾಣೇಬೆನ್ನೂರು ಹಾಗೂ ಬ್ಯಾಡಗಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಈ ಭಾಗದ ಹಳ್ಳಿಗಳಲ್ಲಿ ಹಿರಿಯರನ್ನು ಕಂಡೊಡನೆ ಕೇಳುವ ಮಾತು "ಊಟ ಆತೇನ್ರಿ?" ಎಂಬುದು. ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಆತ್ರಿ." ಬೆಳಗಿನ ಚಹಾದ ಹೊರತು ಬೇರೇನನ್ನೂ ಮುಟ್ಟದ ಅಜ್ಜಿಯೂ ಇದನ್ನೇ ಹೇಳುತ್ತಾಳೆ. ಮನೆಯ ಕೊರತೆಯನ್ನು ಬೀದಿಯಲ್ಲಿ ಹೇಳಿಕೊಳ್ಳಲು ಆಕೆಗೆ ಸಂಕೋಚ. ಆದುದರಿಂದ ಹಿರಿಯರ ಪೋಷಣೆಯ ಸ್ಥಿತಿಯನ್ನು ಕೇಳಿ ತಿಳಿದರೆ ಸಾಲದು; ನೋಡಿ, ತೂಗಿ, ಅಳೆದು ತಿಳಿಯಬೇಕು.

ಅಂಗನವಾಡಿಯಲ್ಲಿ ಮಗುವಿನ ತೂಕ ದಾಖಲಾಗುತ್ತದೆ. ಗರ್ಭಿಣಿಗೆ ಪೌಷ್ಟಿಕ ಆಹಾರವಿದೆ, ಶಾಲೆಯಲ್ಲಿ ಬಿಸಿಯೂಟವಿದೆ. 60 ವರ್ಷ ದಾಟಿದವರನ್ನು ತೂಗುವವರು ಮಾತ್ರ ವಿರಳ. 2017-18ರಲ್ಲಿ ನಡೆದ ಭಾರತೀಯ ವೃದ್ಧಾಪ್ಯ ಅಧ್ಯಯನದ ಪ್ರಕಾರ ದೇಶದ ಹಿರಿಯರಲ್ಲಿ ಸುಮಾರು ಶೇ. 27ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. "ವಯಸ್ಸಾತು, ಸೊರಗ್ಯಾರ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಹೀಗೆ ಸೊರಗುವುದನ್ನು ಮುಪ್ಪಿನ ಸಹಜ ಲಕ್ಷಣವೆಂದು ಕೈಬಿಡಲಾಗದು. ಊಟ ಕಡಿಮೆಯಾದರೆ ಸ್ನಾಯು ಕರಗುತ್ತದೆ, ಕಾಲಿನ ಬಲ ಕುಂದುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟ ಮುರಿದವರು ಹಾಸಿಗೆ ಹಿಡಿಯುತ್ತಾರೆ. ಮನಸ್ಸೂ ಕುಗ್ಗುತ್ತದೆ. ಒಂಟಿತನದಿಂದ ಹಸಿವು ಅಡಗುತ್ತದೆ, ಹಸಿವು ಅಡಗಿದಂತೆ ಜನರೊಡನೆ ಬೆರೆಯುವ ಚೈತನ್ಯವೂ ಉಡುಗುತ್ತದೆ.

ಈ ಮೂರು ತಾಲೂಕುಗಳಲ್ಲಿ ಸಮಸ್ಯೆಗೆ ತನ್ನದೇ ಆದ ಕಾರಣಗಳಿವೆ. ಹಿಂದೆ ಬಿಳಿಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಗೋವಿನಜೋಳ ಮತ್ತು ಹತ್ತಿ ನಿಂತಿವೆ. ಅವು ಮಾರುಕಟ್ಟೆಗೆ ಹೋಗುವ ಬೆಳೆಗಳು. ಮನೆಯ ರೊಟ್ಟಿಗೆ ಜೋಳವನ್ನು ಕೊಂಡು ತರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ, ರಾಣೇಬೆನ್ನೂರು ಭಾಗದಲ್ಲಿ ಬೀಜೋತ್ಪಾದನೆಯ ಹೊಲಗಳಿಗೆ, ಹಾವೇರಿಯ ಸುತ್ತ ಹತ್ತಿ ಬಿಡಿಸಲು ಮನೆಯ ಹೆಣ್ಣುಮಕ್ಕಳು ಬೆಳಗಿನಲ್ಲೇ ಹೊರಡುತ್ತಾರೆ. ಅವರು ಮಾಡಿಟ್ಟ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಬಿರುಸಾಗುತ್ತದೆ. ಹಲ್ಲಿಲ್ಲದ ಅಜ್ಜ ಅದನ್ನು ಬದಿಗಿಟ್ಟು ಪಡಿತರದ ಅಕ್ಕಿಯ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಊಟ ಮುಗಿಸುತ್ತಾನೆ. ಹೊಟ್ಟೆ ತುಂಬುತ್ತದೆ, ಪೋಷಣೆ ದೊರೆಯುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿ ಟಾನಿಕ್ಕಿನಲ್ಲಿಲ್ಲ. ಈ ಸೀಮೆಯ ಅಡುಗೆಮನೆಯಲ್ಲೇ ಇದೆ. ಹಿರಿಯರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕೆಂದು ಅನೇಕ ತಜ್ಞರು ಹೇಳುತ್ತಾರೆ. 50 ಕಿಲೋ ತೂಗುವವರಿಗೆ ಇದು 50 ಗ್ರಾಂ. ಮೆತ್ತಗೆ ಬೇಯಿಸಿದ ಹೆಸರುಕಾಳು, ಮಡಕಿಕಾಳು, ಜುಣಕ, ಮೊಸರು, ಶೇಂಗಾ ಹಿಂಡಿ, ರೂಢಿಯಿದ್ದವರಿಗೆ ಮೊಟ್ಟೆ, ಇವೆಲ್ಲ ಸೇರಿ ಆ ಅಗತ್ಯವನ್ನು ತುಂಬಬಲ್ಲವು. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕೊಡಬಹುದು, ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸಬಹುದು. ನಾಲಿಗೆಯ ರುಚಿ ಕುಂದಿದವರು ಉಪ್ಪು, ಉಪ್ಪಿನಕಾಯಿ ಹೆಚ್ಚಿಸುತ್ತಾರೆ. ಉಪ್ಪು ಮಾತ್ರ ದಿನಕ್ಕೆ 5 ಗ್ರಾಂ ಮೀರಬಾರದು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಲಿಂಬೆರಸ ಊಟಕ್ಕೆ ರುಚಿ ತರುತ್ತವೆ. ವಯಸ್ಸಾದಂತೆ ಬಾಯಾರಿಕೆಯೂ ತಿಳಿಯದಾಗುವುದರಿಂದ ನೀರನ್ನು ನೆನಪಿಸಿ ಕುಡಿಸಬೇಕು. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ, ಸಮಾಜ ಕಲ್ಯಾಣ ಮತ್ತು ಸಾರ್ವಜನಿಕ ವಿತರಣೆ ಮೂರೂ ಸೇರಿವೆ. ಆದುದರಿಂದ ಇದು ಪಂಚಾಯತಿಯ ಕೆಲಸವೇ ಆಗಿದೆ. ಸದಸ್ಯರು ತಮ್ಮ ವಾರ್ಡಿನಲ್ಲಿ ಕೈಗೊಳ್ಳಬಹುದಾದ ಕ್ರಮಗಳು:

1. ಒಂಟಿಯಾಗಿರುವ ಹಾಗೂ ಹಿರಿಯರಷ್ಟೇ ಇರುವ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ನೆರವಿನಿಂದ ತಯಾರಿಸುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ವಿಷಯ ಮಂಡಿಸಿ, ಮೂರು ತಿಂಗಳಿಗೊಮ್ಮೆ ಹಿರಿಯರ ತೂಕ ನೋಡಿಸುವುದು. ಬಯಸದೆಯೇ ಆರು ತಿಂಗಳಲ್ಲಿ ಶೇ. 5ರಷ್ಟು, ಎಂದರೆ 50 ಕಿಲೋದವರಲ್ಲಿ ಎರಡೂವರೆ ಕಿಲೋ ಇಳಿದಿದ್ದರೆ ಅಥವಾ ಮೀನಖಂಡದ ಸುತ್ತಳತೆ 31 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಅಳತೆಗೆ ದರ್ಜಿಯ ಟೇಪು ಸಾಕು.

3. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಹೊಂದದೆ ಪಡಿತರ ತಪ್ಪಿದವರನ್ನು, ಮಾಸಾಶನ ನಿಂತವರನ್ನು ಗುರುತಿಸಿ ಆಹಾರ ಇಲಾಖೆ ಹಾಗೂ ನಾಡಕಚೇರಿಯಲ್ಲಿ ಸರಿಪಡಿಸಿಕೊಡುವುದು. ಮಾಸಾಶನ ನಿಂತ ತಿಂಗಳು ಬೇಳೆ, ಹಾಲು ಮೊದಲು ನಿಲ್ಲುತ್ತವೆ.

4. ಮಕ್ಕಳಿಂದ ಕಡೆಗಣಿಸಲ್ಪಟ್ಟವರಿಗೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನೂ 14567 ಸಹಾಯವಾಣಿಯನ್ನೂ ತಿಳಿಸುವುದು.

5. ಸ್ವಸಹಾಯ ಸಂಘಗಳ ನೆರವಿನಿಂದ ವಾರಕ್ಕೊಂದು ದಿನವಾದರೂ ಹಿರಿಯರು ಜೊತೆಗೂಡಿ ಉಣ್ಣುವ ಏರ್ಪಾಡು ಮಾಡುವುದು. ಒಬ್ಬರೇ ಉಣ್ಣುವಾಗ ಸೇರದ ತುತ್ತು ಪಂಕ್ತಿಯಲ್ಲಿ ಸೇರುತ್ತದೆ.

ಇವುಗಳಲ್ಲಿ ಮೊದಲ ಎರಡಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ; ಸಭೆಯ ಒಂದು ಠರಾವು, ಒಂದು ವಹಿ ಸಾಕು. ಈ ನೆಲವನ್ನು ಉತ್ತಿ ಬಿತ್ತಿ ಊರಿಗೆ ಅನ್ನ ನೀಡಿದ ಕೈಗಳು ಇಂದು ಬಾಗಿಲ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿವೆ. ಸದಸ್ಯರು ಮುಂದಿನ ಬಾರಿ ಆ ಕಟ್ಟೆಯ ಮುಂದೆ ಹಾಯುವಾಗ "ಊಟ ಆತೇನ್ರಿ?" ಎಂದು ಕೇಳಿ ಮುಂದೆ ಸಾಗದೆ, ಒಂದು ಗಳಿಗೆ ನಿಂತು ಒಲೆಯತ್ತಲೂ ನೋಡುವಂತಾಗಲಿ.