ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕುವ ಮುನ್ನ



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಆ ಬಳಿಕ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ವಿಂಡೋಸ್ 11 ಹಾಕಿಕೊಳ್ಳುವ ಯೋಚನೆ ನಿಮ್ಮಲ್ಲಿ ಹಲವರಿಗೆ ಬಂದಿರಬಹುದು. ಕೆಲಸ ಕಷ್ಟದ್ದಲ್ಲ. ಆದರೆ ನಿಮ್ಮ ಯಂತ್ರದಲ್ಲಿರುವುದು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ ಆಗಿದ್ದರೆ, ಅಳಿಸುವುದೆಂದರೆ ಏನೆಂದು ಮೊದಲು ತಿಳಿದಿರಬೇಕು.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನನ್ನ ಅಕ್ಕನ ಮಗಳು ಕನ್ನಡ ಎಂ.ಎ. ಓದುತ್ತಿದ್ದಳು. ಹಳ್ಳಿ ಹಳ್ಳಿ ಸುತ್ತಿ ಬೀಸುವ ಪದಗಳನ್ನು ಕೇಳಿ ಬರೆದು, ಟೈಪ್ ಮಾಡಿ ಇಟ್ಟಿದ್ದಳು. ಲ್ಯಾಪ್‌ಟಾಪ್ ನಿಧಾನವಾಯಿತೆಂದಾಗ ಅಳಿಸಿ ಹೊಸದಾಗಿ ಹಾಕಿಕೊಟ್ಟವನು ನಾನೇ. ಡಾಕ್ಯುಮೆಂಟ್ಸ್ ಫೋಲ್ಡರನ್ನು ಪ್ರತಿ ಮಾಡಿಕೊಂಡಿದ್ದೆ. ಸಂಜೆ ಅವಳು, “ಮಾವ, ಹಾಡುಗಳು ಎಲ್ಲಿ?” ಅಂದಳು. ಅವು ಡೌನ್‌ಲೋಡ್ಸ್‌ನಲ್ಲಿದ್ದವಂತೆ. ಹೋದ ಕಡತ ತೆಗೆದುಕೊಡುವ ತಂತ್ರಾಂಶ ಉಂಟಲ್ಲ ಎಂದು ಧೈರ್ಯ ಹೇಳಿದೆ. ರಾತ್ರಿಯೆಲ್ಲ ಹುಡುಕಿದರೂ ಒಂದು ಸಾಲೂ ಸಿಗಲಿಲ್ಲ.

ಕಾರಣ ಹೀಗಿದೆ. ಹಳೆಯ ಹಾರ್ಡ್ ಡಿಸ್ಕನ್ನು ಬೇಗನೆ ಫಾರ್ಮ್ಯಾಟ್ ಮಾಡಿದರೆ ಹೋಗುವುದು ಪುಸ್ತಕದ ಪರಿವಿಡಿಯಷ್ಟೇ. ಹಾಳೆಗಳು ಹಾಗೆಯೇ ಇರುತ್ತವೆ, ಅವುಗಳ ಮೇಲೆ ಬೇರೇನೋ ಬರೆಯುವವರೆಗೆ. ಎಸ್‌ಎಸ್‌ಡಿಯಲ್ಲಿರುವುದು ನ್ಯಾಂಡ್ ಫ್ಲ್ಯಾಶ್ ಸ್ಮೃತಿ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಇದನ್ನು 1987ರಲ್ಲಿ ಪ್ರಕಟಿಸಿದರು. ಇದರ ಸ್ವಭಾವ ವಿಚಿತ್ರ. ಬರೆಯುವುದು ಪುಟಪುಟವಾಗಿ, ಅಳಿಸುವುದು ನೂರಾರು ಪುಟಗಳ ಒಂದು ಬ್ಲಾಕನ್ನು ಒಮ್ಮೆಗೇ. ಬರೆದದ್ದರ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಆದ್ದರಿಂದ ಯಾವ ಭಾಗ ಇನ್ನು ಬೇಡವೆಂದು ಆಪರೇಟಿಂಗ್ ಸಿಸ್ಟಮ್ ಡ್ರೈವಿಗೆ ತಿಳಿಸುತ್ತದೆ. ಈ ಸೂಚನೆಗೆ ಟ್ರಿಮ್ ಎಂದು ಹೆಸರು. ವಿಂಡೋಸ್‌ಗೆ ಇದು 2009ರ ವಿಂಡೋಸ್ 7ರೊಂದಿಗೆ ಬಂತು. ಫಾರ್ಮ್ಯಾಟ್ ಮಾಡಿದಾಗ ಇಡೀ ಭಾಗಕ್ಕೆ ಈ ಸೂಚನೆ ಹೋಗುತ್ತದೆ. ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಡ್ರೈವ್ ತಾನಾಗಿಯೇ ಹಾಳೆಗಳನ್ನೂ ಒರೆಸಿರಬಹುದು.

ಹಾಗಾಗಿ ಪ್ರತಿ ಮಾಡಿಕೊಳ್ಳುವುದೇ ಮುಖ್ಯ ಕೆಲಸ, ಉಳಿದದ್ದೆಲ್ಲ ಆಮೇಲೆ. ಒಂದೊಂದೇ ಫೋಲ್ಡರ್ ಆರಿಸುತ್ತ ಕೂರದೆ ನಿಮ್ಮ ಹೆಸರಿನ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಹಾಕಿ. ಆ ಡಿಸ್ಕನ್ನು ಗೆಳೆಯನ ಯಂತ್ರಕ್ಕೆ ಜೋಡಿಸಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ‘ಡಿ’ ಡ್ರೈವಿನಲ್ಲಿದೆ, ಭಯವಿಲ್ಲ ಎನ್ನುವವರಿದ್ದಾರೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ‘ಸಿ’, ‘ಡಿ’ ಎರಡೂ ಒಂದೇ ಎಸ್‌ಎಸ್‌ಡಿಯ ಪಾಲುಗಳು. ಎಲ್ಲ ಪಾಲುಗಳನ್ನೂ ತೆಗೆದರೆ ‘ಡಿ’ ಕೂಡ ಹೋಯಿತು. ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಉಳಿಸಿಕೊಂಡ ‘ಡಿ’ಗೆ ಬೀಗವಿದ್ದರೆ ಹೊಸ ವಿಂಡೋಸ್ ಆ ಕೀಲಿಯನ್ನು ಕೇಳುತ್ತದೆ.

ಇನ್ನು ಸ್ಥಾಪನೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ಗೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿದ್ದುದೂ ಅಳಿಯುತ್ತದೆ. ಡಿಸ್ಕ್ ಆರಿಸುವ ಪರದೆ ಬಂದಾಗ ಅವಸರ ಬೇಡ. 512 ಜಿಬಿಯ ಎಸ್‌ಎಸ್‌ಡಿ ಅಲ್ಲಿ ಸುಮಾರು 476 ಎಂದು ಕಾಣುತ್ತದೆ. ಮೋಸವೇನೂ ಅಲ್ಲ, ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹೊರಗಿನ ಡಿಸ್ಕನ್ನು ಮೊದಲೇ ಕಿತ್ತಿಡಿ. ಪ್ರತಿ ಇರುವುದೂ ಅದರಲ್ಲೇ ತಾನೆ! ಪ್ರಾಡಕ್ಟ್ ಕೀ ಕೇಳಿದರೆ ಇಲ್ಲವೆನ್ನಿ. ಅದೇ ಯಂತ್ರದಲ್ಲಿ ಮೊದಲು ಅಧಿಕೃತ ವಿಂಡೋಸ್ ಇದ್ದು, ಈಗಲೂ ಅದೇ ಆವೃತ್ತಿ, ಹೋಮ್ ಇದ್ದರೆ ಹೋಮನ್ನೇ, ಹಾಕಿದ್ದರೆ ಇಂಟರ್‌ನೆಟ್ ಸಿಕ್ಕೊಡನೆ ಸಾಮಾನ್ಯವಾಗಿ ತಾನೇ ಸಕ್ರಿಯವಾಗುತ್ತದೆ. ಹಾರ್ಡ್ ಡಿಸ್ಕಿನ ಕಾಲದ ಡಿಫ್ರಾಗ್, ಏಳು ಸಲ ಸೊನ್ನೆ ಬರೆಯುವುದು ಇವೆಲ್ಲ ಇಲ್ಲಿ ಬೇಡ. ಫ್ಲ್ಯಾಶ್ ಕೋಶಗಳು ಪ್ರತಿ ಅಳಿಸುವಿಕೆಗೂ ಸ್ವಲ್ಪ ಸವೆಯುತ್ತವೆ.

ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದವರಿಗೆ ಒಂದು ಮಾತು. ಹೊಸ ವಿಂಡೋಸ್‌ನಲ್ಲಿ ಆ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಕೆಟ್ಟಿತೆಂದು ಎಸೆಯಬೇಡಿ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ನಮ್ಮ ಹುಡುಗಿಯ ಮೊದಲ ಅಧ್ಯಾಯ, ಅವಳು ಮಾರ್ಗದರ್ಶಕರಿಗೆ ಇ-ಮೇಲ್ ಮಾಡಿದ್ದ ಪ್ರತಿ, ಸಿಕ್ಕಿದ್ದು ಹಾಗೆ. ಉಳಿದ ಹಾಡುಗಳನ್ನು ಫೋನಿನಲ್ಲಿದ್ದ ಧ್ವನಿಮುದ್ರಣ ಕೇಳಿಕೊಂಡು ಮತ್ತೆ ಟೈಪ್ ಮಾಡಿದಳು. ಅರ್ಧವನ್ನು ನನ್ನಿಂದ ಮಾಡಿಸಿದಳು.